ಬಾಲ ಇರೋ ಕಾರು ಮತ್ತು ಅಪ್ಪನ ಚೋಕ್

ಮಿನಿಯಾಪೊಲಿಸ್‌ಗೆ ಬಂದ ಮೊದಲನೇ ಚಳಿಗಾಲದಲ್ಲಿ ನಾನು ಕಂಡ ವಿಚಿತ್ರಗಳಲ್ಲಿ ಮೊದಲ ಬಹುಮಾನ ಕಾರಿನ ಬಾಲಕ್ಕೆ. ತಮಾಷೆ ಅಲ್ಲ, ನಿಜವಾದ ಬಾಲ. ಆದ್ರೆ ಹಿಂದೆ ಅಲ್ಲ, ಮುಂದೆ! ಪಕ್ಕದ ಮನೆಯ ಅಜ್ಜನ ಹಳೇ ಪಿಕಪ್ ಟ್ರಕ್ಕಿನ ಗ್ರಿಲ್ ಒಳಗಿಂದ ಒಂದು ಮೊಳ ಉದ್ದದ ವೈರು ನೇತಾಡ್ತಾ ಇತ್ತು. ತುದಿಯಲ್ಲಿ ಮೂರು ಪಿನ್ನಿನ ಪ್ಲಗ್. ನಮ್ಮನೆ ಇಸ್ತ್ರಿ ಪೆಟ್ಟಿಗೆಗೆ ಇರುತ್ತಲ್ಲ, ಹಾಗೆ. ಓಹೋ ಎಲೆಕ್ಟ್ರಿಕ್ ಗಾಡಿ ಅಂದುಕೊಂಡೆ. ಆದ್ರೆ ಬೆಳಿಗ್ಗೆ ಅಜ್ಜ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ಬುಸುಬುಸು ಹೊಗೆ. ತಡೆಯೋಕಾಗದೆ ಕೇಳಿಯೇ ಬಿಟ್ಟೆ. ಅಜ್ಜ ನಕ್ಕು, ರಾತ್ರಿ ಎಂಜಿನ್‌ಗೆ ಚಳಿ ಆಗಬಾರದು ಅಂತ ಕರೆಂಟು ಕೊಡ್ತೀನಿ ಅಂದರು. ಎಂಜಿನ್‌ಗೆ ಕಂಬಳಿ ಹೊದಿಸೋದು ಕೇಳಿದ್ದೆ, ಹೀಟರ್ ಹಾಕೋದು ಕೇಳಿರಲಿಲ್ಲ.

ಅದೇ ಹೊತ್ತಿಗೆ ನನಗೂ ಒಂದು ತಲೆನೋವು ಶುರುವಾಗಿತ್ತು. ಬೇಸಿಗೆಯಲ್ಲಿ ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡ್ತಿದ್ದ ನನ್ನ ಸೆಕೆಂಡ್ ಹ್ಯಾಂಡ್ ಕಾರು, ಜನವರಿಯಲ್ಲಿ ಏಳಕ್ಕೆ ಇಳಿದಿತ್ತು. ಆಫೀಸು ಇರೋದು ಐದು ಕಿಲೋಮೀಟರ್ ದೂರದಲ್ಲಿ. ಅದೇ ರಸ್ತೆ, ಅದೇ ಕಾರು, ಅದೇ ಡ್ರೈವರ್. ಊರಿಗೆ ಫೋನ್ ಮಾಡಿದಾಗ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪ ಕೇಳಿದ ಮೊದಲ ಪ್ರಶ್ನೆ: "ಬೆಳಿಗ್ಗೆ ಎಂಜಿನ್ ಚೆನ್ನಾಗಿ ಬಿಸಿ ಮಾಡ್ತೀಯೇನೋ?" ಮಾಡ್ತೀನಪ್ಪಾ, ಹದಿನೈದು ನಿಮಿಷ, ಸಂಜೆ ಆಫೀಸಿಂದ ಹೊರಡುವಾಗ ಇನ್ನೊಂದು ಹದಿನೈದು ಅಂದೆ. "ಹಾಂ, ಅದು ಸರಿ. ಅದನ್ನ ಮಾತ್ರ ತಪ್ಪಿಸಬೇಡ ಕಣೋ. ತಣ್ಣನೆ ಎಂಜಿನ್ ಎಳೆದ್ರೆ ಗಾಡಿ ಹಾಳಾಗುತ್ತೆ."

ಅಪ್ಪ ಹಾಸನದಲ್ಲಿ ಇಪ್ಪತ್ತು ವರ್ಷ ಹಳೇ ಮಾರುತಿ 800 ಓಡಿಸಿದವರು. ಡ್ಯಾಶ್‌ಬೋರ್ಡಿನಲ್ಲಿ ಚೋಕ್ ಗುಂಡಿ ಇದ್ದ ಕಾಲದ್ದು. ಡಿಸೆಂಬರ್ ಬೆಳಿಗ್ಗೆ ಸಕಲೇಶಪುರದ ಕಡೆ ಹೊರಡೋದಿದ್ರೆ, ಚೋಕ್ ಎಳೆದು, ಸ್ಟಾರ್ಟ್ ಮಾಡಿ, ಅಮ್ಮ ಕೊಟ್ಟ ಕಾಫಿ ಮುಗಿಯೋ ತನಕ ಗಾಡಿ ಗುರ್ ಅಂತ ನಿಂತಿರಬೇಕು. ಆಮೇಲೆ ಚೋಕ್ ಒಳಗೆ ತಳ್ಳಿ ಹೊರಡೋದು. ಇದು ನಮ್ಮನೆಯಲ್ಲಿ ಸಂಧ್ಯಾವಂದನೆ ಥರ, ತಪ್ಪಿಸೋ ಮಾತೇ ಇಲ್ಲ.

ಅಪ್ಪ ಹೇಳಿದ್ದು ಸರಿಯೋ ತಪ್ಪೋ? ಹುಡುಕುತ್ತಾ ಹೋದವನಿಗೆ ನೂರು ವರ್ಷಕ್ಕೂ ಹೆಚ್ಚಿನ ಕಥೆ ಸಿಕ್ತು. ಉತ್ತರವೂ ಸಿಕ್ತು, ಅದನ್ನ ಕೊನೆಗೆ ಹೇಳ್ತೀನಿ.

ಮೊದಲು, ಚಳಿಗೂ ಪೆಟ್ರೋಲಿಗೂ ಏನು ಜಗಳ ಅಂತ ನೋಡೋಣ. ಪೆಟ್ರೋಲ್ ದ್ರವವಾಗಿದ್ದಾಗ ಚೆನ್ನಾಗಿ ಉರಿಯಲ್ಲ, ಆವಿಯಾಗಿ ಗಾಳಿ ಜೊತೆ ಬೆರೆತರೆ ಮಾತ್ರ ಉರಿಯುತ್ತೆ. ಎಂಜಿನ್ ತಣ್ಣಗಿದ್ರೆ ಆವಿಯಾಗೋದು ಸ್ವಲ್ಪ ಮಾತ್ರ, ಉಳಿದದ್ದು ಕೊಳವೆಯ ಗೋಡೆಗೆ ಹನಿಹನಿಯಾಗಿ ಅಂಟಿಕೊಳ್ಳುತ್ತೆ. ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯಬೇಕು. ಎರಡನೇದು, ಆಯಿಲ್ ಹಳೇ ಬೆಲ್ಲದ ಪಾಕದ ಥರ ಗಟ್ಟಿಯಾಗಿರುತ್ತೆ, ಅದನ್ನ ಕಲಕೋಕೇ ಶಕ್ತಿ ಬೇಕು. ಮೂರನೇದು, ಟೈರಿನ ಗಾಳಿ ಕುಗ್ಗುತ್ತೆ, ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು ಒಂದು ಪಿಎಸ್‌ಐ ಕಡಿಮೆ. ನಾಲ್ಕನೇದು ನನಗೆ ಹೊಳೆದೇ ಇರಲಿಲ್ಲ. ತಣ್ಣನೆ ಗಾಳಿ ದಟ್ಟ. 25 ಡಿಗ್ರಿ ಸೆಲ್ಸಿಯಸ್ ಇರೋ ಗಾಳಿಗಿಂತ ಮೈನಸ್ 7ರ ಗಾಳಿ ಸುಮಾರು ಶೇಕಡ 12ರಷ್ಟು ಭಾರ. ಹೈವೇಯಲ್ಲಿ ಅದನ್ನ ಸೀಳಿಕೊಂಡು ಹೋಗೋಕೆ ಅಷ್ಟು ಹೆಚ್ಚು ಒದ್ದಾಟ. ಜೊತೆಗೆ ಚಳಿಗಾಲಕ್ಕೆ ಇಲ್ಲಿ ಮಾರೋ ಪೆಟ್ರೋಲೇ ಬೇರೆ ಮಿಶ್ರಣ, ಬೇಗ ಆವಿಯಾಗುತ್ತೆ ಆದ್ರೆ ಶಕ್ತಿ ಒಂಚೂರು ಕಡಿಮೆ.

ಇದೆಲ್ಲ ಸೇರಿ ಅಮೆರಿಕದ ಸರ್ಕಾರಿ ಲೆಕ್ಕ ಹೀಗಿದೆ: 25 ಡಿಗ್ರಿಗೆ ಹೋಲಿಸಿದರೆ ಮೈನಸ್ 7ರಲ್ಲಿ ಊರೊಳಗೆ ಓಡೋ ಸಾಧಾರಣ ಪೆಟ್ರೋಲ್ ಕಾರಿನ ಮೈಲೇಜ್ ಸುಮಾರು ಶೇಕಡ 15 ಇಳಿಯುತ್ತೆ. ಐದಾರು ಕಿಲೋಮೀಟರಿನ ಪುಟ್ಟ ಓಡಾಟ ಆದ್ರೆ ಶೇಕಡ 24ರ ತನಕ, ಯಾಕಂದ್ರೆ ಎಂಜಿನ್ ಬಿಸಿಯಾಗೋ ಹೊತ್ತಿಗೆ ಆಫೀಸೇ ಬಂದಿರುತ್ತೆ. ಸರಿ, ನನ್ನ ಹನ್ನೆರಡು ಒಂಬತ್ತಾಗಬೇಕಿತ್ತು. ಏಳು ಹೇಗಾಯ್ತು?

ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು, ಫೋರ್ಡ್ ಮಾಡೆಲ್ ಟಿ ಕಾಲಕ್ಕೆ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಕಾರು. ಅಮೆರಿಕದ ರೈತರು ಮೊದಲು ಕೊಂಡದ್ದು ಬಹುಪಾಲು ಇದನ್ನೇ. ನಮ್ಮ ಹಳೇ ಲಾರಿ, ಬಸ್ಸುಗಳಿಗೆ ಕ್ಲೀನರ್ ಹುಡುಗರು ಮುಂದೆ ನಿಂತು ಹ್ಯಾಂಡಲ್ ಹೊಡೀತಿದ್ದರಲ್ಲ, ಇದಕ್ಕೂ ಹಾಗೇ. ಬೇಸಿಗೆಯಲ್ಲಿ ಸರಿ, ಚಳಿಯಲ್ಲಿ ಇದು ಯುದ್ಧ. ಅದರ ಗೇರು ಮತ್ತು ಕ್ಲಚ್ಚಿನ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತಿದ್ದವು. ಆಯಿಲ್ ಗಟ್ಟಿಯಾದಾಗ ಪ್ಲೇಟುಗಳು ಒಂದಕ್ಕೊಂದು ಅಂಟಿ, ನ್ಯೂಟ್ರಲ್‌ನಲ್ಲಿದ್ದರೂ ಗೇರಿನಲ್ಲಿದ್ದ ಹಾಗೇ. ಎಂಜಿನ್ ಹತ್ತಿಕೊಂಡ ಕೂಡಲೇ ಗಾಡಿ ಹ್ಯಾಂಡಲ್ ಹೊಡೆದವನ ಮೈಮೇಲೇ ಬರ್ತಿತ್ತು! ಅದಕ್ಕೇ ಜನ ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಮೇಲೆತ್ತಿ ಆಮೇಲೆ ಹ್ಯಾಂಡಲ್ ಹೊಡೀತಿದ್ದರು.

ರೇಡಿಯೇಟರ್‌ನಲ್ಲಿ ಇದ್ದದ್ದು ಬರೀ ನೀರು. ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಎಂಜಿನ್ನೇ ಸೀಳುತ್ತೆ. ಹಾಗಾಗಿ ರಾತ್ರಿ ನೀರು ಪೂರ್ತಿ ಬಸಿದು, ಬೆಳಿಗ್ಗೆ ಕಾಯಿಸಿದ ನೀರು ಹುಯ್ಯೋದು. ಕೆಲವರು ಆಯಿಲ್ ಕೂಡ ಬಸಿದು ರಾತ್ರಿಯೆಲ್ಲ ಒಲೆ ಪಕ್ಕ ಇಡ್ತಿದ್ದರು. ನಮ್ಮಲ್ಲಿ ಮನೆ ಮಂದಿಗೆಲ್ಲ ಬಚ್ಚಲ ಹಂಡೆ ಕಾಯಿಸಿದ ಹಾಗೆ, ಅಲ್ಲಿ ಕಾರಿಗೂ ಬೆಳಗಿನ ಸ್ನಾನ! ಇಷ್ಟು ಪಡಿಪಾಟಲು ಬೇಡವೇ ಬೇಡ ಅಂದವರು ಚಳಿಗಾಲ ಪೂರ್ತಿ ಕಾರನ್ನ ಕೊಟ್ಟಿಗೆಯಲ್ಲಿ ಮರದ ದಿಮ್ಮಿ ಮೇಲೆ ಕೂರಿಸಿ, ಕುದುರೆ ಗಾಡಿಗೆ ವಾಪಸ್ ಹೋಗ್ತಿದ್ದರು.

ಇಷ್ಟೆಲ್ಲ ಆದ ಮೇಲೆ ಹತ್ತಿಕೊಂಡ ಎಂಜಿನ್ನನ್ನ ಯಾರು ತಾನೇ ಆರಿಸ್ತಾರೆ? ಅಂಗಡಿಗೆ ಹೋದರೂ ಓಡ್ತಾ ಇರಲಿ, ಇಗರ್ಜಿಗೆ ಹೋದರೂ ಓಡ್ತಾ ಇರಲಿ. ಎಂಜಿನ್ ಸುಮ್ಮನೆ ಓಡಿಸಿಕೊಂಡು ನಿಲ್ಲೋ ಅಭ್ಯಾಸದ ಬೇರು ಇಲ್ಲಿದೆ ಅನ್ನಿಸುತ್ತೆ ನಂಗೆ. ಅದು ದುಂದುಗಾರಿಕೆ ಆಗಿರಲಿಲ್ಲ, ಭಯ ಆಗಿತ್ತು.

ಆಮೇಲೆ ಒಂದೊಂದೇ ಭಯ ಕಳಚಿತು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು, ಹ್ಯಾಂಡಲ್ ಹೊಡೆಯೋದು ನಿಧಾನಕ್ಕೆ ಮಾಯವಾಯ್ತು. ಮೊದಲೆಲ್ಲ ರೇಡಿಯೇಟರ್ ನೀರಿಗೆ ಆಲ್ಕೋಹಾಲ್ ಬೆರೆಸ್ತಿದ್ದರು, ಅದು ಬಿಸಿಗೆ ಆವಿಯಾಗಿ ಹೋಗ್ತಿತ್ತು, ಮತ್ತೆ ಮತ್ತೆ ಸುರೀಬೇಕಿತ್ತು. 1927ರಲ್ಲಿ ಪ್ರೆಸ್ಟೋನ್ ಹೆಸರಿನಲ್ಲಿ ಎಥಿಲೀನ್ ಗ್ಲೈಕಾಲ್ ಮಾರುಕಟ್ಟೆಗೆ ಬಂತು, ನೀರು ಬಸಿಯೋ ಕೆಲಸ ತಪ್ಪಿತು. 1950ರ ದಶಕದಲ್ಲಿ ಮಲ್ಟಿಗ್ರೇಡ್ ಆಯಿಲ್ ಹರಡಿತು. ಡಬ್ಬದ ಮೇಲೆ 10ಡಬ್ಲ್ಯೂ-30 ಅಂತೆಲ್ಲ ಬರೆದಿರುತ್ತಲ್ಲ, ಆ ಡಬ್ಲ್ಯೂ ಅಂದ್ರೆ ವಿಂಟರ್. ನಾನು ಇಷ್ಟು ದಿನ ಅದನ್ನ ವೆಯ್ಟ್ ಅಂದುಕೊಂಡಿದ್ದೆ :)

ಆದ್ರೆ ಒಂದು ಭಯ ಮಾತ್ರ ಹೋಗಲಿಲ್ಲ. ಅದರ ಹೆಸರು ಕಾರ್ಬ್ಯುರೇಟರ್.

ಕಾರ್ಬ್ಯುರೇಟರಿಗೆ ಕಣ್ಣಿಲ್ಲ, ಮೂಗಿಲ್ಲ. ಎಂಜಿನ್ ಒಳಗೆ ನುಗ್ಗೋ ಗಾಳಿಯ ರಭಸಕ್ಕೆ ಪೆಟ್ರೋಲ್ ಎಳೆದು ಚಿಮುಕಿಸೋದಷ್ಟೇ ಅದರ ಕೆಲಸ. ಹೊರಗೆ ಹಿಮ ಬೀಳ್ತಾ ಇದೆಯೋ ಬಿಸಿಲು ಹೊಡೀತಾ ಇದೆಯೋ ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ನಾವೇ ಚೋಕ್ ಎಳೆದು ಗಾಳಿಯ ದಾರಿ ಕಿರಿದು ಮಾಡಿ, ಪೆಟ್ರೋಲ್ ಪಾಲು ಹೆಚ್ಚಿಸಬೇಕು. ಜಾಸ್ತಿ ಎಳೆದರೆ ಪ್ಲಗ್ ಒದ್ದೆ, ಕಡಿಮೆ ಎಳೆದರೆ ಮೊದಲ ತಿರುವಿನಲ್ಲೇ ಗಾಡಿ ಆಫ್. ಬಿಸಿಯಾಗೋ ಮೊದಲೇ ಹೊರಟರೆ ಎಂಜಿನ್ ಗೊಣಗುತ್ತೆ, ಜಗ್ಗುತ್ತೆ, ನಡುರಸ್ತೆಯಲ್ಲಿ ಕೈಕೊಡುತ್ತೆ. ಹಾಗಾಗಿ ನಿಂತಲ್ಲೇ ಬಿಸಿ ಮಾಡೋದು ಆ ಕಾಲದ ಮಟ್ಟಿಗೆ ನೂರಕ್ಕೆ ನೂರು ಸರಿಯಾದ ಸಲಹೆ. ಅಪ್ಪನ ಕಾಫಿ ಲೆಕ್ಕ ತಪ್ಪಿರಲಿಲ್ಲ.

ಈ ಬಿಸಿಯ ಚಿಂತೆ ಬರೀ ಮನೆ ಕಾರುಗಳದ್ದಲ್ಲ. 1941ರ ಚಳಿಗಾಲದಲ್ಲಿ ಮಾಸ್ಕೋ ಹತ್ತಿರ ಸಿಕ್ಕಿಬಿದ್ದ ಜರ್ಮನ್ ಸೈನ್ಯದ್ದೂ ಇದೇ ಗೋಳು. ಗಾಡಿಗಳ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗುತ್ತಿರಲಿಲ್ಲ. ಅಡಿಯಲ್ಲಿ ಬೆಂಕಿ ಹಾಕಿ ಕಾಯಿಸಿದರು. ಆರಿಸಿದರೆ ಮತ್ತೆ ಹತ್ತಲ್ಲ ಅಂತ ಎಂಜಿನ್‌ಗಳನ್ನ ಓಡಿಸಿಕೊಂಡೇ ನಿಲ್ಲಿಸಿದರು. ಅದೂ ಮೊದಲೇ ಪೆಟ್ರೋಲಿಗೆ ತತ್ವಾರ ಇದ್ದಾಗ! ಒಂದು ಅಂಗುಲ ಮುಂದೆ ಹೋಗದೆ ಟ್ಯಾಂಕು ಖಾಲಿ. ಎದುರಿನ ರಷ್ಯನ್ನರ ಟಿ-34 ಟ್ಯಾಂಕುಗಳಲ್ಲಿ ಬ್ಯಾಟರಿ ಸೋತರೂ ಎಂಜಿನ್ ಹತ್ತಿಸೋಕೆ ಒತ್ತಿ ತುಂಬಿದ ಗಾಳಿಯ ಸಿಲಿಂಡರು ಇರುತ್ತಿತ್ತು. ಆಮೇಲೆ ಜರ್ಮನ್ನರೂ ಪಾಠ ಕಲಿತು, ಓಡ್ತಿರೋ ಟ್ಯಾಂಕಿನ ಬಿಸಿ ಕೂಲಂಟ್ ನೀರನ್ನ ಪೈಪಿನಲ್ಲಿ ಪಕ್ಕದ ತಣ್ಣನೆ ಟ್ಯಾಂಕಿಗೆ ಹರಿಸೋ ಏರ್ಪಾಡು ಮಾಡಿಕೊಂಡರು. ಇದನ್ನ ಓದಿದಾಗ ನನಗೆ ನೆನಪಾದದ್ದು ನಮ್ಮಜ್ಜಿ. ಒಲೆ ಹಚ್ಚೋಕೆ ಬೆಂಕಿಪೊಟ್ಟಣ ಖರ್ಚು ಮಾಡದೆ ಪಕ್ಕದ ಮನೆಯಿಂದ ಒಂದು ಕೆಂಡ ಇಸ್ಕೊಂಡು ಬರ್ತಿದ್ದರಂತೆ.

ಈಗ ನಮ್ಮ ಬಾಲದ ವಿಷಯಕ್ಕೆ ಬರೋಣ. ನಮ್ಮ ಮಿನಸೋಟಾದ ಪಕ್ಕದ ರಾಜ್ಯ ಉತ್ತರ ಡಕೋಟಾ. ಅಲ್ಲಿನ ಗ್ರಾಂಡ್ ಫೋರ್ಕ್ಸ್ ಅನ್ನೋ ಊರಿನಲ್ಲಿ ಆಂಡ್ರ್ಯೂ ಫ್ರೀಮನ್ ಅಂತ ಒಬ್ಬರಿದ್ದರು. ಮಿನ್‌ಕೋಟಾ ಅನ್ನೋ ಗ್ರಾಮೀಣ ವಿದ್ಯುತ್ ಸಹಕಾರ ಸಂಸ್ಥೆಯ ಮುಖ್ಯಸ್ಥರು. 1930ರ ದಶಕದ ಮಧ್ಯದವರೆಗೂ ಅಮೆರಿಕದ ಹಳ್ಳಿಮನೆಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಕರೆಂಟೇ ಇರಲಿಲ್ಲ. 1935ರಲ್ಲಿ ರೂಸ್ವೆಲ್ಟ್ ಸರ್ಕಾರ ಗ್ರಾಮೀಣ ವಿದ್ಯುದೀಕರಣ ಶುರು ಮಾಡಿದ ಮೇಲೆ, ಇಂಥ ಸಹಕಾರ ಸಂಸ್ಥೆಗಳ ಮೂಲಕ ತಂತಿ ಹೊಲದ ಮನೆಗಳಿಗೆ ತಲುಪಿತು. ಕರೆಂಟ್ ಬಂತು, ಚಳಿ ಮೊದಲಿಂದಲೂ ಇತ್ತು, ಕಾರು ಅಂಗಳದಲ್ಲಿ ಹೆಪ್ಪುಗಟ್ಟಿ ನಿಂತಿತ್ತು. ಈ ಮೂರನ್ನೂ ಜೋಡಿಸಿದವರು ಫ್ರೀಮನ್. ಎಂಜಿನ್ ಹೆಡ್ ಬಿಗಿಯೋ ಬೋಲ್ಟುಗಳಲ್ಲಿ ಒಂದನ್ನ ಬಿಚ್ಚಿ, ಅದರ ಜಾಗದಲ್ಲಿ ಹೀಟರ್ ಇರೋ ಬೋಲ್ಟ್ ಕೂರಿಸಿ, ಅದರ ವೈರನ್ನ ಗೋಡೆಯ ಸಾಕೆಟ್ಟಿಗೆ ಚುಚ್ಚೋದು. ಅಷ್ಟೇ! 1949ರ ನವೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿನ ಹೀಟರ್‌ಗಳು ಬೋಲ್ಟಿನ ಬದಲು ಕೂಲಂಟ್ ನೀರಿನೊಳಗೆ ಕೂರುತ್ತವೆ, ಆದ್ರೆ ಉಪಾಯ ಅದೇ. ಕೆನಡಾದ ವಿನ್ನಿಪೆಗ್, ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಂಥ ಊರುಗಳಲ್ಲಿ ಪಾರ್ಕಿಂಗ್ ಜಾಗದಲ್ಲೇ ಸಾಲಾಗಿ ಸಾಕೆಟ್ಟುಗಳಿವೆ, ನಮ್ಮ ಕಡೆ ಸಂತೆಯಲ್ಲಿ ಎತ್ತು ಕಟ್ಟೋ ಗೂಟಗಳ ಥರ.

ಫ್ರೀಮನ್ ಮಾಡಿದ್ದು ಬರೀ ಸ್ಟಾರ್ಟ್ ಆಗೋ ಉಪಾಯ ಅಂತ ಕಾಣುತ್ತೆ, ಆದ್ರೆ ಅದು ಪೆಟ್ರೋಲ್ ಉಳಿಸೋ ಉಪಾಯವೂ ಹೌದು. ಮೊದಲ ಕಿಲೋಮೀಟರಿನ ಪೋಲು ತಪ್ಪುತ್ತೆ. ಪಕ್ಕದ ಮನೆ ಅಜ್ಜ ಅದಕ್ಕೊಂದು ಟೈಮರ್ ಹಾಕಿದ್ದಾರೆ. ರಾತ್ರಿಯೆಲ್ಲ ಬೇಡ, ಹೊರಡೋ ಎರಡು ಮೂರು ಗಂಟೆ ಮೊದಲು ಶುರುವಾದ್ರೆ ಸಾಕು. 600 ವಾಟಿನ ಹೀಟರ್ ಮೂರು ಗಂಟೆಗೆ ಎರಡು ಯೂನಿಟ್ಟೂ ಉರಿಸಲ್ಲ.

1973ರ ತನಕ ಅಮೆರಿಕದಲ್ಲಿ "ಎಷ್ಟು ಕೊಡುತ್ತೆ?" ಅನ್ನೋ ನಮ್ಮ ಪ್ರಶ್ನೆಯನ್ನ ಕೇಳೋರು ಕಡಿಮೆ ಇದ್ದರು. ಪೆಟ್ರೋಲ್ ಅಷ್ಟು ಅಗ್ಗ. ಆ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ ಸುಮಾರು 3 ಡಾಲರ್‌ನಿಂದ 12ರ ಹತ್ತಿರಕ್ಕೆ ಹೋಯ್ತು. ಗಮನಿಸಿ, ಇದು ನಡೆದದ್ದು ಸರಿಯಾಗಿ ಚಳಿಗಾಲದಲ್ಲೇ. ಬಂಕುಗಳ ಮುಂದೆ ಉದ್ದ ಸಾಲು. 1974ರ ಜನವರಿಯಲ್ಲಿ ಗಂಟೆಗೆ 55 ಮೈಲಿ ಮಿತಿಯ ಕಾನೂನು. 1975ರಲ್ಲಿ ಕಾರ್ ಕಂಪನಿಗಳಿಗೆ ಮೈಲೇಜ್ ಗುರಿ ಹಾಕೋ ಕಾನೂನು. ಇದರ ಜೊತೆಗೆ ಹೊಗೆ ಕಡಿಮೆ ಮಾಡಬೇಕು ಅನ್ನೋ ಒತ್ತಡ ಬೇರೆ. ಎರಡೂ ಕಡೆಯಿಂದ ಏಟು ಬಿದ್ದಿದ್ದು ನಮ್ಮ ಕಣ್ಣಿಲ್ಲದ ಕಾರ್ಬ್ಯುರೇಟರಿಗೆ.

1976ರಲ್ಲಿ ಬಾಷ್ ತಯಾರಿಸಿದ ಆಮ್ಲಜನಕದ ಸೆನ್ಸರ್ ವೋಲ್ವೊ ಕಾರುಗಳಲ್ಲಿ ಬಂತು. ಹೊರಹೋಗೋ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ನೋಡಿ, ಪೆಟ್ರೋಲ್ ಜಾಸ್ತಿಯಾಯ್ತೋ ಕಡಿಮೆಯಾಯ್ತೋ ಹೇಳುತ್ತೆ. ಕೂಲಂಟಿನ ಬಿಸಿ ಅಳೆಯೋಕೆ ಇನ್ನೊಂದು ಸೆನ್ಸರ್, ಒಳಬರೋ ಗಾಳಿಗೆ ಮತ್ತೊಂದು. ಇವೆಲ್ಲದರ ಮಾತು ಕೇಳಿ ಲೆಕ್ಕ ಹಾಕೋಕೆ ಪುಟ್ಟ ಕಂಪ್ಯೂಟರ್. 1990ರ ದಶಕದ ಮೊದಲ ವರ್ಷಗಳ ಹೊತ್ತಿಗೆ ಅಮೆರಿಕದ ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮಾಯ. ನಮ್ಮಲ್ಲಿ ಮಾರುತಿ 800ರಿಂದ ಅದು ಹೋದದ್ದು 2000ದ ಆಸುಪಾಸಿನಲ್ಲಿ. ಚೋಕ್ ಗುಂಡಿ ಹೋಯ್ತು. ಆ ಕೆಲಸ ಈಗ ನನ್ನಂಥವರು ಎಲ್ಲೋ ಕೂತು ಬರೆದ ಕೋಡ್ ಮಾಡುತ್ತೆ.

ಈಗ ನೋಡಿ ತಮಾಷೆ. ಚೋಕ್ ಹೋಯ್ತು, ಚೋಕ್ ಕಾಲದ ಶಾಸ್ತ್ರ ಉಳೀತು!

ಸಾಫ್ಟ್‌ವೇರ್‌ನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಹಳೇ ಕೋಡಿನಲ್ಲಿ ಒಂದು ಸಾಲು ಇರುತ್ತೆ, ಪಕ್ಕದಲ್ಲಿ "ಇದನ್ನು ತೆಗೀಬೇಡಿ" ಅಂತ ಕಾಮೆಂಟು. ಯಾವುದೋ ಬಗ್‌ಗೆ ಯಾರೋ ಕಟ್ಟಿದ ತೇಪೆ. ಬಗ್ಗು ಸರಿಹೋಗಿ ಎಷ್ಟೋ ವರ್ಷವಾಗಿರುತ್ತೆ, ಬರೆದವರು ಕಂಪನಿ ಬಿಟ್ಟಿರುತ್ತಾರೆ, ತೇಪೆ ಮಾತ್ರ ಹಾಗೇ ಓಡ್ತಿರುತ್ತೆ. ನಾನು ದಿನಾ ಬೆಳಿಗ್ಗೆ ಮಾಡ್ತಿದ್ದ ಹದಿನೈದು ನಿಮಿಷದ ಪೂಜೆ ಅಂಥ ಒಂದು ತೇಪೆ.

ಲೆಕ್ಕ ಹಾಕಿದೆ. ನಿಂತ ಕಾರು ಗಂಟೆಗೆ ಸುಮಾರು ಒಂದರಿಂದ ಎರಡು ಲೀಟರ್ ಕುಡಿಯುತ್ತೆ. ನಾನು ದಿನಕ್ಕೆ ಅರ್ಧ ಗಂಟೆ, ತಿಂಗಳಿಗೆ ಇಪ್ಪತ್ತು ದಿನ, ನಾಲ್ಕು ತಿಂಗಳು. ಕಡಿಮೆ ಅಂದ್ರೂ 40 ಲೀಟರ್, ಹೆಚ್ಚೆಂದರೆ 80. ನಲವತ್ತೇ ಅಂತಿಟ್ಟುಕೊಂಡರೂ ಹಾಸನದಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದು ಇನ್ನೂ ಟ್ಯಾಂಕಿನಲ್ಲಿ ಉಳಿಯುತ್ತೆ. ನಾನು ಅಷ್ಟನ್ನೂ ನಿಂತ ಜಾಗದಲ್ಲೇ ಉರಿಸಿದ್ದೆ. ಏಳರ ಗುಟ್ಟು ಇದೇ.

ಹೋಗಲಿ, ಎಂಜಿನ್‌ಗಾದರೂ ಒಳ್ಳೇದಾಯ್ತಾ? ಅದೂ ಇಲ್ಲ. ನಿಂತಲ್ಲಿ ಎಂಜಿನ್‌ಗೆ ಕೆಲಸ ಕಡಿಮೆ, ಹಾಗಾಗಿ ಬಿಸಿಯಾಗೋದೂ ನಿಧಾನ. ಓಡುವಾಗ ಬೇಗ ಬಿಸಿಯಾಗುತ್ತೆ. ತಣ್ಣಗಿರುವಷ್ಟು ಹೊತ್ತೂ ಹೆಚ್ಚುವರಿ ಪೆಟ್ರೋಲ್ ಸುರೀತಿರುತ್ತೆ, ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತೆ. ಇವತ್ತಿನ ಕಾರುಗಳಿಗೆ ಅರ್ಧ ನಿಮಿಷ ಸಾಕು, ಆಮೇಲೆ ಮೊದಲ ಕೆಲವು ನಿಮಿಷ ಮೆಲ್ಲಗೆ, ಎಕ್ಸಲರೇಟರ್ ತುಳಿಯದೆ ಓಡಿಸಬೇಕು, ಅಷ್ಟೇ. ಜರ್ಮನಿಯಲ್ಲಂತೂ ಎಂಜಿನ್ ಸುಮ್ಮನೆ ಓಡಿಸಿ ನಿಲ್ಲಿಸೋದು ಸಂಚಾರ ನಿಯಮದ ಪ್ರಕಾರವೇ ತಪ್ಪು. ಇನ್ನು ಮುಚ್ಚಿದ ಗರಾಜಿನಲ್ಲಿ ಬಿಸಿ ಮಾಡೋರಿಗೆ ಒಂದೇ ಮಾತು: ದಯವಿಟ್ಟು ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ಹೋಗುತ್ತೆ.

ಸರ್ಕಾರದ ಲೆಕ್ಕಕ್ಕೂ ಚಳಿ ತಡವಾಗಿಯೇ ತಟ್ಟಿತು. ಅಮೆರಿಕದಲ್ಲಿ ಹೊಸ ಕಾರಿನ ಗಾಜಿಗೆ ಅಂಟಿಸೋ ಮೈಲೇಜ್ ಚೀಟಿಯ ಸಂಖ್ಯೆಗೆ, ಬೆಚ್ಚಗಿನ ಲ್ಯಾಬಿನ ಪರೀಕ್ಷೆ ಜೊತೆ ಮೈನಸ್ 7 ಡಿಗ್ರಿಯ ಪರೀಕ್ಷೆಯೂ ಸೇರಿದ್ದು 2008ರ ಮಾದರಿಗಳಿಂದ.

ಬಿಸಿ ಉಳಿಸೋ ಹಳೇ ಉಪಾಯಗಳು ಮಾತ್ರ ಸತ್ತಿಲ್ಲ, ವೇಷ ಬದಲಿಸಿವೆ. ಅಮೆರಿಕದಲ್ಲಿ ಮಾರಿದ 2004ರಿಂದ 2009ರವರೆಗಿನ ಟೊಯೋಟಾ ಪ್ರಿಯಸ್‌ನಲ್ಲಿ ಒಂದು ಥರ್ಮಾಸ್ ಫ್ಲಾಸ್ಕ್ ಇತ್ತು, ನಂಬಿ! ಗಾಡಿ ಆರಿಸಿದಾಗ ಸುಮಾರು ಮೂರು ಲೀಟರ್ ಬಿಸಿ ಕೂಲಂಟನ್ನ ಅದರಲ್ಲಿ ತುಂಬಿಟ್ಟು, ಮರುದಿನ ಸ್ಟಾರ್ಟ್ ಮಾಡುವಾಗ ಎಂಜಿನ್‌ಗೆ ಕೊಡ್ತಿತ್ತು. ಮಾಡೆಲ್ ಟಿ ಕಾಲದ ಒಲೆ ಪಕ್ಕದ ಡಬ್ಬ ನೆನಪಾಯ್ತಾ? ಈಗಿನ ಎಲೆಕ್ಟ್ರಿಕ್ ಕಾರಿನವರ ಕಷ್ಟ ಇನ್ನೊಂದು ಥರ. ಎಂಜಿನ್ನಿನ ಪುಕ್ಕಟೆ ಬಿಸಿ ಇಲ್ಲ, ಒಳಗೆ ಬೆಚ್ಚಗಿಡೋಕೂ ಬ್ಯಾಟರಿಯನ್ನೇ ಸುಡಬೇಕು, ಚಳಿಯಲ್ಲಿ ಓಡೋ ದೂರ ಚೆನ್ನಾಗಿಯೇ ಕುಸಿಯುತ್ತೆ. ಅದಕ್ಕೆ ಅವರು ಹೊರಡೋ ಮುಂಚೆ, ಚಾರ್ಜರ್‌ಗೆ ಚುಚ್ಚಿರುವಾಗಲೇ ಗೋಡೆಯ ಕರೆಂಟಿನಿಂದ ಬ್ಯಾಟರಿ, ಸೀಟು ಎಲ್ಲ ಬಿಸಿ ಮಾಡಿಕೊಳ್ತಾರೆ. ಎಲ್ಲೋ ಕೇಳಿದ ಹಾಗಿದೆಯಲ್ಲ? ಫ್ರೀಮನ್ ಬಾಲ ಮತ್ತೆ ಚಿಗುರಿದೆ ಅಷ್ಟೇ.

ಕಳೆದ ಚಳಿಗಾಲ ನಾನು ಪೂಜೆ ನಿಲ್ಲಿಸಿದೆ. ಸ್ಟಾರ್ಟ್ ಮಾಡಿ, ಗಾಜಿನ ಮೇಲಿನ ಹಿಮ ಪೂರ್ತಿ ಕೆರೆದು ಹೊರಟುಬಿಡೋದು. ತಿಂಗಳಿಗೊಮ್ಮೆ ಟೈರಿನ ಗಾಳಿ ನೋಡೋದು. ಅಂಗಡಿ, ಲೈಬ್ರರಿ ಕೆಲಸಗಳನ್ನ ಆಫೀಸಿಂದ ಬರುವಾಗ ಒಂದೇ ಸುತ್ತಿನಲ್ಲಿ ಮುಗಿಸೋದು, ಎಂಜಿನ್ ಒಂದೇ ಸಲ ಬಿಸಿಯಾದ್ರೆ ಸಾಕಲ್ಲ. ಮೈಲೇಜ್ ಒಂಬತ್ತರ ಆಸುಪಾಸಿಗೆ ಬಂದು ನಿಂತಿತು. ಹನ್ನೆರಡು ಬರಲ್ಲ, ಉಳಿದದ್ದು ಚಳಿಯ ಪಾಲು, ಅದಕ್ಕೆ ಜಗಳ ಇಲ್ಲ.

ಅಪ್ಪನಿಗೆ ಇದನ್ನೆಲ್ಲ ಹೇಳೋಕೆ ಧೈರ್ಯ ಬಂದದ್ದು ಯುಗಾದಿಗೆ ಊರಿಗೆ ಹೋದಾಗ. ಪೂರ್ತಿ ಕೇಳಿದರು. ನಿಮ್ಮ ಮಾತು ತಪ್ಪಲ್ಲಪ್ಪ, ಆ ಗಾಡಿಗೆ ಅದೇ ಸರಿ, ಈ ಗಾಡಿಗೆ ಬೇಕಿಲ್ಲ ಅಷ್ಟೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನು ಈ ಹೊಸ ಗಾಡೀನ ಐದು ವರ್ಷದಿಂದ ಸುಮ್ಮನೆ ಬಿಸಿ ಮಾಡ್ತಿದೀನೇನೋ?" ಅಂದರು. ಹಾಸನದ ಚಳಿಗೆ ಅದೂ ಬೇಕಿಲ್ಲ ಅಂದೆ.

ಮರುದಿನ ಬೆಳಿಗ್ಗೆ ಸಕಲೇಶಪುರಕ್ಕೆ ಹೊರಟೆವು. ಅಪ್ಪ ಕೀ ತಿರುಗಿಸಿದರು. ಗಾಡಿ ಗುರ್ ಅಂತು. ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಆಫ್ ಮಾಡಿ ಒಳಗೆ ಹೋಗಿ ಕೂತು ಕಾಫಿ ಕುಡಿದು ಬಂದರು. ಆಮೇಲೆ ಸ್ಟಾರ್ಟ್ ಮಾಡಿದವರೇ ಹೊರಟುಬಿಟ್ಟರು.

ಕಾಫಿ ಮಾತ್ರ ಬಿಡೋ ಹಾಗಿಲ್ಲ ನೋಡಿ :)

ನಿಮ್ಮ ಮನೆಗಳಲ್ಲೂ ಇಂಥ ಚೋಕ್ ಕಾಲದ ಶಾಸ್ತ್ರಗಳು ಇದ್ದೇ ಇರ್ತವೆ. ಯಾವುವು ಇನ್ನೂ ಓಡ್ತಾ ಇವೆ, ಯಾವ ಗಾಡಿಯ ಕಾಲದಿಂದ? ಬರೀರಿ.